ತಂತಿಯ ಬಿಸಿ ಏರುತ್ತಲೇ ಇದೆ, ನಿಲ್ಲುತ್ತಿಲ್ಲ

ಪ್ರಶ್ನೆ: 2.5 ಚದರ ಮಿಲಿಮೀಟರ್‌ನ, ಒಂದು ಮೀಟರ್ ಉದ್ದದ ಬರೀ ತಾಮ್ರದ ತಂತಿಯಲ್ಲಿ 20 ಆಂಪಿಯರ್ ಕರೆಂಟ್ ಹರಿದರೆ ಎಷ್ಟು ಬಿಸಿಯಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿದೆ. ಬಿಸಿ ನೇರ ಗೆರೆ ಎಳೆದ ಹಾಗೆ ಏರುತ್ತಲೇ ಇದೆ, ಹತ್ತು ನಿಮಿಷಕ್ಕೆ 190 ಡಿಗ್ರಿಗಿಂತ ಜಾಸ್ತಿ ಏರಿತು. ಮೆಶ್ (ಲೆಕ್ಕಕ್ಕಾಗಿ ತಂತಿಯನ್ನು ಸಣ್ಣ ತುಂಡುಗಳಾಗಿ ಭಾಗಿಸುವ ಬಲೆ) ಎಷ್ಟು ಸಣ್ಣದು ಮಾಡಿದರೂ ಅದೇ ಉತ್ತರ. ಎಲ್ಲಿ ತಪ್ಪಿದ್ದೇನೆ?

ಉತ್ತರ: ತಪ್ಪು ಮೆಶ್‌ನಲ್ಲಿಲ್ಲ. ನೇರ ಗೆರೆ ಅಂದಿರಲ್ಲ, ಸುಳಿವು ಅಲ್ಲೇ ಇದೆ.

ಒಮ್ಮೆ ಕೈಲೆಕ್ಕ ಮಾಡಿ ನೋಡೋಣ. ಈ ತಂತಿಯ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಸುಮಾರು 6.9 ಮಿಲಿಓಮ್. ಅದನ್ನು ಕರೆಂಟಿನ ವರ್ಗದಿಂದ ಗುಣಿಸಿದರೆ 2.76 ವ್ಯಾಟ್. ತಂತಿಯ ತೂಕ 22 ಗ್ರಾಂ ಚಿಲ್ಲರೆ, ಅದು ಒಂದು ಡಿಗ್ರಿ ಬಿಸಿಯಾಗಲು 8.6 ಜೂಲ್ ಸಾಕು. ಅಂದರೆ ಸೆಕೆಂಡಿಗೆ 0.32 ಡಿಗ್ರಿ, ಹತ್ತು ನಿಮಿಷಕ್ಕೆ 192. ನಿಮಗೆ ಬಂದದ್ದೂ ಇದೇ ಅಲ್ವಾ? ಹುಟ್ಟಿದ ಬಿಸಿ ಒಂದಿಷ್ಟೂ ಹೊರಗೆ ಹೋಗಿಲ್ಲ. ತಂತಿಯ ಮೇಲ್ಮೈಯಿಂದ ಬಿಸಿ ಹೇಗೆ ಹೊರಗೆ ಹೋಗಬೇಕು ಅಂತ ನೀವು ಯಾವ ಷರತ್ತೂ ಕೊಟ್ಟಿಲ್ಲ ಅನಿಸುತ್ತದೆ, ಹಾಗೆ ಬಿಟ್ಟರೆ ಇಂಥ ಸಾಫ್ಟ್‌ವೇರ್ ಸಾಮಾನ್ಯವಾಗಿ ಅದನ್ನು ಬಿಸಿ ದಾಟದ ಗೋಡೆ ಅಂತಲೇ ತಿಳಿಯುತ್ತದೆ.

ಗೆರೆ ಬಾಗದೆ ಇರುವುದು ಇನ್ನೊಂದು ಮಾತನ್ನೂ ಹೇಳುತ್ತದೆ. ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಶೇ. 0.39ರಷ್ಟು ಏರಬೇಕು. ಅದನ್ನು ಸೇರಿಸಿದ್ದರೆ ಗೆರೆ ಮೇಲಕ್ಕೆ ಬಾಗುತ್ತಿತ್ತು.

ಈಗ ಮೇಲ್ಮೈಗೆ ಗಾಳಿಯ ತಂಪು ಕೊಡಿ. ಕಷ್ಟ ಇರುವುದು ಇಲ್ಲೇ. ಗಾಳಿ ಎಳೆದೊಯ್ಯುವ ಬಿಸಿ ಚದರ ಮೀಟರಿಗೆ, ಡಿಗ್ರಿಗೆ 10 ವ್ಯಾಟ್ ಅಂತ ಹಾಕಿದರೆ, ರೆಸಿಸ್ಟೆನ್ಸ್ ಏರುವುದನ್ನೂ ಸೇರಿಸಿ, ತಂತಿ ಸುತ್ತಲಿನ ಗಾಳಿಗಿಂತ ಸುಮಾರು 60 ಡಿಗ್ರಿ ಮೇಲೆ ನಿಲ್ಲುತ್ತದೆ, 20 ಹಾಕಿದರೆ ಬರೀ 27! ಒಂದೇ ಅಂಕಿ ಇಡೀ ಉತ್ತರವನ್ನು ಅಲ್ಲಾಡಿಸುತ್ತದೆ, ಹಾಗಾಗಿ ದೊಡ್ಡ ಫಲಕಗಳಿಗೆ ಅಂತ ಕೊಟ್ಟಿರುವ 5 ಅಥವಾ 10 ಅನ್ನು ಸುಮ್ನೆ ತಂದು ಹಾಕಬೇಡಿ. ಸಣ್ಣ ತಂತಿಯಿಂದ ಗಾಳಿ ಅದಕ್ಕಿಂತ ಚೆನ್ನಾಗಿ ಬಿಸಿ ಎಳೆಯುತ್ತದೆ. ದುಂಡು ತಂತಿಗೇ ಇರುವ ಸೂತ್ರದಿಂದ ಲೆಕ್ಕ ಹಾಕಿ. ವಿಕಿರಣವನ್ನೂ (ಗಾಳಿಯ ನೆರವಿಲ್ಲದೆ ಮೇಲ್ಮೈ ತಾನೇ ಹೊರಸೂಸುವ ಬಿಸಿ) ಸೇರಿಸಿ: ಹೊಳೆಯುವ ತಾಮ್ರದಿಂದ ಅದು ತೀರಾ ಕಡಿಮೆ, ಕಪ್ಪುಗಟ್ಟಿದ ತಾಮ್ರದಿಂದ ಎಷ್ಟೋ ಪಟ್ಟು ಜಾಸ್ತಿ.

ಮೆಶ್ ವಿಷಯಕ್ಕೆ ಬಂದರೆ, ಈ ತಂತಿಯ ನಡುವಿಗೂ ಅಂಚಿಗೂ ಇರುವ ಬಿಸಿಯ ವ್ಯತ್ಯಾಸ ಒಂದು ಡಿಗ್ರಿಯ ಸಾವಿರದ ಒಂದು ಪಾಲೂ ಇಲ್ಲ, ಹಾಗಾಗಿ ಇಲ್ಲಿ ಮೆಶ್ಶೇ ಬೇಕಿಲ್ಲ. ಸೆಕೆಂಡಿಗೊಂದು ಸಾಲಿನಂತೆ ಎಕ್ಸೆಲ್‌ನಲ್ಲೇ ಇದನ್ನು ಮಾಡಬಹುದು, ದಯವಿಟ್ಟು ಒಮ್ಮೆ ಮಾಡಿ ನೋಡಿ. ಗೆರೆ ಕಾಲು ಗಂಟೆಯೊಳಗೆ ಹೆಚ್ಚುಕಡಿಮೆ ಮಟ್ಟಸವಾಗಬೇಕು. ಆಗ ಒಳಗೆ ಹುಟ್ಟುವ ವ್ಯಾಟೂ ಹೊರಗೆ ಹೋಗುವ ವ್ಯಾಟೂ ತಾಳೆಯಾಗುತ್ತವೆಯಾ ನೋಡಿಕೊಳ್ಳಿ.