ಗ್ರಾಹಕರು ಕೂಗಾಡಿದಾಗ ಮ್ಯಾನೇಜರ್ ಯಾರ ಪರ ನಿಲ್ಲಬೇಕು?

ಕೌಂಟರ್‌ನಲ್ಲಿ ಗ್ರಾಹಕರು ಕೂಗಾಡಿದರೆ ಅವರ ಪರ ನಿಲ್ಲಬೇಕೋ ಸಿಬ್ಬಂದಿಯ ಪರವೋ ಎಂದು ಕೇಳಿದ್ದೀರಿ. ಮೊದಲು ಇಬ್ಬರನ್ನೂ ಬೇರೆ ಮಾಡಿ. ನೀವೇ ಮುಂದೆ ಬಂದು ‘ನಾನು ನೋಡ್ತೀನಿ, ಏನಾಯ್ತು ಹೇಳಿ’ ಎನ್ನಿ. ಸಿಬ್ಬಂದಿಯನ್ನು ಹತ್ತು ನಿಮಿಷ ಒಳಗೆ ಕಳಿಸಿ. ಎಲ್ಲರೆದುರು ಅವರನ್ನು ಗದರಲೇಬೇಡಿ. ಗದರಿದರೆ ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾರೆ, ದೂರು ನಿಮ್ಮವರೆಗೆ ಬರುವುದೇ ಇಲ್ಲ. ಗ್ರಾಹಕರ ಕೆಲಸ ಆಗಬೇಕು, ನಿಜ; ಬೈಗುಳ ಸಹಿಸಬೇಕಿಲ್ಲ. ಒಂದು ಸಲ ಎಚ್ಚರಿಸಿ, ಆಮೇಲೂ ನಿಲ್ಲದಿದ್ದರೆ ಮಾತು ನಿಲ್ಲಿಸಬಹುದು ಎಂದು ಸಿಬ್ಬಂದಿಗೆ ಮೊದಲೇ ಹೇಳಿಟ್ಟಿರಿ.

ಇದಕ್ಕಿಂತ ಮುಖ್ಯವಾದದ್ದು ಅಧಿಕಾರದ ವಿಷಯ. ‘ಮ್ಯಾನೇಜರ್‌ನ ಕೇಳಬೇಕು’ ಎಂಬ ಉತ್ತರದಿಂದಲೇ ಎಷ್ಟೋ ಜಗಳ ಶುರುವಾಗುತ್ತವೆ. ರಿಟ್ಜ್-ಕಾರ್ಲ್‌ಟನ್ ಹೋಟೆಲ್‌ಗಳು ಒಬ್ಬ ಅತಿಥಿಯ ತೊಂದರೆ ಸರಿಪಡಿಸಲು ಯಾರನ್ನೂ ಕೇಳದೆ 2,000 ಡಾಲರ್‌ವರೆಗೆ ಖರ್ಚು ಮಾಡುವ ಅಧಿಕಾರವನ್ನು ಸಿಬ್ಬಂದಿಗೆ ಕೊಟ್ಟು ಹೆಸರಾದವು. ನೀವು ಅಷ್ಟು ಕೊಡಬೇಕಿಲ್ಲ. ಕಳೆದ ಮೂರು ತಿಂಗಳ ದೂರುಗಳನ್ನು ತೆಗೆದು ನೋಡಿ, ಹತ್ತರಲ್ಲಿ ಎಂಟು ಅಲ್ಲೇ ಬಗೆಹರಿಯುವಷ್ಟು ಮೊತ್ತವನ್ನು ಮಿತಿಯಾಗಿಡಿ. ಬಳಸಿದಾಗಲೆಲ್ಲ ಕಾರಣವನ್ನು ಒಂದು ಸಾಲು ಬರೆದಿಡಲಿ. ವಾರಕ್ಕೊಮ್ಮೆ ಅದನ್ನು ಓದಿ; ತಡವಾದ ಡೆಲಿವರಿ, ಬಿಲ್ಲಿನ ಗೊಂದಲ ಹೀಗೆ ಒಂದೇ ಕಾರಣ ಮತ್ತೆಮತ್ತೆ ಕಂಡರೆ ತಪ್ಪಿರುವುದು ಕೌಂಟರ್‌ನಲ್ಲಲ್ಲ. ‘ಯಾಕೆ ಕೊಟ್ಟೆ’ ಎಂದು ಮಾತ್ರ ವಿಚಾರಣೆಗೆ ಇಳಿಯಬೇಡಿ, ಎಲ್ಲರೂ ಮತ್ತೆ ಪ್ರತಿಯೊಂದಕ್ಕೂ ನಿಮ್ಮನ್ನೇ ಕರೆಯತೊಡಗುತ್ತಾರೆ.