ಮೂಗಿನ ದಾರಿ ಮೇಲಕ್ಕಲ್ಲ, ಹಿಂದಕ್ಕೆ

ಆತ್ಮೀಯರೇ,

ನೀವು ಕಳುಹಿಸಿದ ‘ಮೂಗು: ಮುಖದ ನಡುವಿನ ವಿಸ್ಮಯ’ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ವಾಕ್ಯಗಳು ಎಲ್ಲಿಯೂ ಎಡವುವುದಿಲ್ಲ. ಎರಡು ಹೊಳ್ಳೆಗಳು ಕೆಲವು ಗಂಟೆಗಳಿಗೊಮ್ಮೆ ಸರದಿಯಂತೆ ಬಿಗಿದು ಸಡಿಲಗೊಳ್ಳುವುದನ್ನು ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ 1895ರಲ್ಲಿ ವಿವರಿಸಿದ ಸಂಗತಿಯನ್ನು ಹುಡುಕಿ ತಂದಿದ್ದೀರಿ. ಆ ಪ್ಯಾರಾವನ್ನು ಮುಟ್ಟಬೇಡಿ, ಹಾಗೆಯೇ ಇರಲಿ.

ಇನ್ನು ನನ್ನ ತಕರಾರು. ಇದನ್ನು ಖಾಸಗಿಯಾಗಿ ಬರೆಯದೆ ಪತ್ರಿಕೆಯಲ್ಲೇ ಉತ್ತರಿಸುತ್ತಿರುವುದಕ್ಕೆ ಕಾರಣವಿದೆ. ದೇಹದ ಬಗ್ಗೆ ನಮಗೆ ಬರುವ ಲೇಖನಗಳಲ್ಲಿ ಪದೇ ಪದೇ ಇದೇ ದೋಷ ಕಾಣುತ್ತದೆ. ಲೇಖಕರಿಗೆ ಭಾಗಗಳ ಹೆಸರು ಗೊತ್ತಿರುತ್ತದೆ, ಅವು ಎಲ್ಲಿವೆ ಎಂಬುದು ಗೊತ್ತಿರುವುದಿಲ್ಲ.

ನಿಮ್ಮ ಮೂರನೆಯ ಪ್ಯಾರಾದ ಮೊದಲ ವಾಕ್ಯ ಹೀಗಿದೆ: ‘ಹೊಳ್ಳೆಗಳ ಮೂಲಕ ಒಳಹೊಕ್ಕ ಗಾಳಿಯು ನೇರವಾಗಿ ಮೇಲೇರಿ ಹಣೆಯ ಹಿಂಭಾಗವನ್ನು ತಲುಪಿ, ಅಲ್ಲಿಂದ ಗಂಟಲಿಗೆ ಇಳಿಯುತ್ತದೆ.’ ಕನ್ನಡಿಯಲ್ಲಿ ನೋಡಿದರೆ ಮೂಗು ಮೇಲಕ್ಕೇ ಹೋಗುವಂತೆ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಕಾಣುವುದು ಮೂಗಿನ ಹೊರಗೋಡೆ ಮಾತ್ರ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದಿಟ್ಟು ಅಂಗುಳದ ಮೇಲೆ ಹಿಂದಕ್ಕೆ ಜಾರಿಸಿ ನೋಡಿ. ನಾಲಿಗೆ ಸಾಗಿದ್ದೇ ಮೂಗಿನ ದಾರಿ. ಬಾಯಿಯ ಚಾವಣಿಯೇ ಮೂಗಿನ ನೆಲ, ನಡುವೆ ಇರುವುದು ಒಂದು ಮೂಳೆಯ ಹಲಗೆ ಮಾತ್ರ. ಕೋವಿಡ್ ಪರೀಕ್ಷೆಯ ಕಡ್ಡಿಯನ್ನು ಮೂಗಿನೊಳಗೆ ತೂರಿಸಿಕೊಂಡ ನಮ್ಮ ಓದುಗರೆಲ್ಲರಿಗೂ ಇದರ ಅನುಭವವಿದೆ. ಆ ಕಡ್ಡಿ ಹಣೆಯ ಕಡೆಗೆ ಹೋಗಲಿಲ್ಲ, ಅಂಗುಳಕ್ಕೆ ಸಮಾನಾಂತರವಾಗಿ ಕಿವಿಯ ಮಟ್ಟದತ್ತ ಹಿಂದಕ್ಕೆ ಹೋಯಿತು. ತಿಳಿದವರು ಅದನ್ನು ಮೇಲ್ಮುಖವಾಗಿ ತಳ್ಳುವುದಿಲ್ಲ. ಮೇಲಿರುವುದು ಜರಡಿಯಂತೆ ತೂತುಗಳುಳ್ಳ ತೆಳುವಾದ ಮೂಳೆ. ವಾಸನೆಯ ನರದ ಎಳೆಗಳು ಆ ತೂತುಗಳಲ್ಲಿ ಹಾದು ಮೆದುಳನ್ನು ಸೇರುತ್ತವೆ.

ಜಲನೇತಿ ಮಾಡುವವರನ್ನು ಕೇಳಿದ್ದರೂ ಸಾಕಿತ್ತು. ಒಂದು ಹೊಳ್ಳೆಗೆ ಹಾಕಿದ ನೀರು ಇನ್ನೊಂದರಿಂದ ಹೊರಬರುವುದು ಹೇಗೆ? ನಡುಗೋಡೆ ಹಿಂದೆ ಒಂದು ಹಂತದಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಎರಡೂ ಬದಿಗಳು ಒಂದಾಗುತ್ತವೆ, ನೀರು ಆ ತಿರುವನ್ನು ಸುತ್ತಿಕೊಂಡು ಬರುತ್ತದೆ. ಹೀಗೆ ಓದುಗನ ಕೈಯಲ್ಲೇ ಇರುವ ಸಾಕ್ಷ್ಯವನ್ನು ಬಿಟ್ಟು ನೀವು ಗಾಳಿಯನ್ನು ಹಣೆಗೆ ಹತ್ತಿಸಿದ್ದೀರಿ. ಒಳಬಂದ ಗಾಳಿ ಮೊದಲಿಗೆ ತುಸು ಮೇಲಕ್ಕೆ ಬಾಗುವುದು ನಿಜ. ಆದರೆ ಅದರ ಬಹುಪಾಲು ನಡುವಿನ ಮಟ್ಟದಲ್ಲೇ ಹಿಂದಕ್ಕೆ ಸಾಗುತ್ತದೆ, ಚಾವಣಿಯನ್ನು ಮುಟ್ಟುವುದು ಸ್ವಲ್ಪವೇ. ಮಲ್ಲಿಗೆಯನ್ನು ಮೂಸುವಾಗ ಉಸಿರನ್ನು ಚುರುಕಾಗಿ ಎಳೆದುಕೊಳ್ಳುವುದು ಈ ಕಾರಣಕ್ಕೇ. ಹಾಗೆ ಎಳೆದಾಗ ಚಾವಣಿಯಲ್ಲಿರುವ ವಾಸನೆಯ ಜಾಗಕ್ಕೆ ಹೆಚ್ಚು ಗಾಳಿ ತಲುಪುತ್ತದೆ.

ಕೆನ್ನೆಯ ಸೈನಸ್, ಅಂದರೆ ಕೆನ್ನೆಯ ಮೂಳೆಯೊಳಗಿನ ಗಾಳಿ ತುಂಬಿದ ಗುಳಿ. ಅದರ ಕುರಿತ ಪ್ಯಾರಾದ ಒಂದು ವಾಕ್ಯ ನನ್ನನ್ನು ನಿಜವಾಗಿ ಕೆರಳಿಸಿತು. ‘ಕೆನ್ನೆಯ ಸೈನಸ್ ತುಂಬಿದಾಗ ಕಫವು ಅದರ ತಳದಲ್ಲಿರುವ ರಂಧ್ರದಿಂದ ತಾನಾಗಿಯೇ ಮೂಗಿಗೆ ಸೋರಿಹೋಗುವುದು ಪ್ರಕೃತಿಯ ವಿಸ್ಮಯವೇ ಸರಿ.’ ತಳದಲ್ಲಿ ರಂಧ್ರವೇ ಇಲ್ಲ! ಕೆನ್ನೆಯ ಸೈನಸ್ಸಿನ ತಳದ ಕೆಳಗಿರುವುದು ದವಡೆ ಹಲ್ಲುಗಳ ಬೇರುಗಳು. ಸೈನಸ್ ಬಾತುಕೊಂಡಾಗ ಮೇಲಿನ ಹಲ್ಲುಗಳು ನೋಯುವುದು, ಹಲ್ಲಿನ ಬೇರಿನ ಸೋಂಕು ಸೈನಸ್ಸಿಗೆ ಹತ್ತುವುದು ಆ ನೆರೆಹೊರೆಯ ಫಲ. ರಂಧ್ರ ಇರುವುದು ಒಳಗೋಡೆಯ ಮೇಲ್ಭಾಗದಲ್ಲಿ, ಕಣ್ಣುಗುಳಿಯ ನೆಲಕ್ಕೆ ಹತ್ತಿರದಲ್ಲಿ. ಅದರ ಅಗಲ ಕೆಲವೇ ಮಿಲಿಮೀಟರ್.

ನನಗೆ ಈ ಕೆಲಸ ಕಲಿಸಿದ ಹಿರಿಯ ಸಂಪಾದಕರು ಮೇಷ್ಟರಾಗಿದ್ದವರು. ದೇಹದ ಬಗ್ಗೆ ಯಾರಾದರೂ ಬರೆದು ತಂದರೆ ಓದಿ ಮುಗಿಸಿ, ಲೇಖಕನಿಂದ ಹಾಳೆ ಕಸಿದುಕೊಂಡು, ‘ಈಗ ಬೆರಳಿಟ್ಟು ತೋರಿಸು’ ಎನ್ನುತ್ತಿದ್ದರು. ಸೈನಸ್ ಕುರಿತು ಬರೆಯುವ ಕೆಲಸ ನನಗೆ ಬಂದಾಗ ಅವರು ಪುಸ್ತಕ ಕೊಡಲಿಲ್ಲ, ವೈದ್ಯಕೀಯ ಕಾಲೇಜೊಂದರ ಅಂಗರಚನಾ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು. ಅಲ್ಲಿನ ಅಧ್ಯಾಪಕಿ ಫಾರ್ಮಲಿನ್ ವಾಸನೆಯ ಮೇಜಿನ ಮೇಲೆ, ನಡುಮಧ್ಯದಲ್ಲಿ ಸೀಳಿದ ಅರ್ಧ ತಲೆಯೊಂದನ್ನು ಇಟ್ಟರು. ನಡುಗೋಡೆ ತೆಗೆದಿದ್ದ ಬದಿ. ಪಕ್ಕದ ಗೋಡೆಯಿಂದ ಮೂರು ಮಡಿಕೆಗಳು ಒಂದರ ಕೆಳಗೊಂದು ಇಳಿಬಿದ್ದಿದ್ದವು, ಟರ್ಬಿನೇಟ್‌ಗಳು. ಅವರು ಚಿಮುಟದಿಂದ ನಡುವಿನ ಮಡಿಕೆಯನ್ನು ಮೇಲೆತ್ತಿದರು. ಅದರಡಿಯಲ್ಲಿ ಅರ್ಧಚಂದ್ರಾಕಾರದ ಒಂದು ಸೀಳು ಕಂಡಿತು. ಸೀಳಿನ ಹಿಂಭಾಗದಲ್ಲಿ ತೆಳುವಾದ ಸಲಾಕೆಯೊಂದನ್ನು ತೂರಿಸಿ, ಆ ಅರ್ಧ ತಲೆಯನ್ನು ನಿಧಾನವಾಗಿ ತಿರುಗಿಸಿದರು. ಆ ಬದಿಯಲ್ಲಿ ಕೆನ್ನೆಯ ಮುಂಗೋಡೆಯ ಮೂಳೆಯನ್ನು ಕತ್ತರಿಸಿ ತೆಗೆದಿದ್ದರು. ಸಲಾಕೆಯ ತುದಿ ಆ ಗುಳಿಯ ಬಹುತೇಕ ಚಾವಣಿಯ ಹತ್ತಿರ ಇಣುಕುತ್ತಿತ್ತು. ತಳ ಎಷ್ಟೋ ಕೆಳಗಿತ್ತು. ಆಮೇಲೆ ಒಣ ಬುರುಡೆಯೊಂದನ್ನು ಕೈಗೆ ಕೊಟ್ಟರು. ಅದರಲ್ಲಿ ಅದೇ ರಂಧ್ರ ಬಹಳ ದೊಡ್ಡದಾಗಿ ಕಂಡಿತು. ಜೀವಂತ ಮನುಷ್ಯನಲ್ಲಿ ಅಕ್ಕಪಕ್ಕದ ಎಲುಬಿನ ತೆಳು ಹಾಳೆಗಳೂ ಲೋಳೆಪೊರೆಯೂ ಅದನ್ನು ಬಹುಮಟ್ಟಿಗೆ ಮುಚ್ಚಿ ಕಿರಿದಾಗಿಸಿರುತ್ತವೆ ಎಂದು ಅವರು ವಿವರಿಸಿದರು. ಚಿತ್ರಪಟ ನೋಡಿ ಬರೆಯುವವನಿಗೆ ಇದು ಯಾವತ್ತೂ ತಿಳಿಯುವುದಿಲ್ಲ. ನಿಮ್ಮ ಊರಿನ ಹತ್ತಿರ ವೈದ್ಯಕೀಯ ಕಾಲೇಜಿದ್ದರೆ ದಯವಿಟ್ಟು ಹೋಗಿ ಕೇಳಿ. ಆಸಕ್ತಿಯಿಂದ ಬಂದವರನ್ನು ಅಧ್ಯಾಪಕರು ಸುಮ್ಮನೆ ಹಿಂದಕ್ಕೆ ಕಳುಹಿಸುವುದು ಅಪರೂಪ.

ಬಾಗಿಲು ಅಷ್ಟು ಎತ್ತರದಲ್ಲಿದ್ದರೆ ಒಳಗಿನ ಲೋಳೆ ಹೊರಹೋಗುವುದು ಹೇಗೆ ಎಂಬ ಪ್ರಶ್ನೆ ಈಗ ಏಳುತ್ತದೆ. ನಿಮ್ಮ ಲೇಖನದಲ್ಲಿ ಅದು ಏಳಲೇ ಇಲ್ಲ, ಏಕೆಂದರೆ ನೀವು ಬಾಗಿಲನ್ನು ತಳದಲ್ಲಿಟ್ಟುಬಿಟ್ಟಿರಿ. ಒಂದು ದಿಕ್ಕು ತಪ್ಪಿದ್ದರಿಂದ ವಿಷಯದ ಅತ್ಯಂತ ಸ್ವಾರಸ್ಯಕರ ಭಾಗವೇ ಕೈತಪ್ಪಿತು. ಸೈನಸ್ಸಿನ ಒಳಮೈಯನ್ನು ಆವರಿಸಿದ ಸೂಕ್ಷ್ಮ ರೋಮಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಬಡಿಯುತ್ತಾ, ಲೋಳೆಯ ಪದರವನ್ನು ತಳದಿಂದ ಗೋಡೆಗಳುದ್ದಕ್ಕೂ ಮೇಲಕ್ಕೆ ಹತ್ತಿಸಿ ಆ ರಂಧ್ರದ ಕಡೆಗೆ ಒಯ್ಯುತ್ತವೆ. ವಯಸ್ಕರಲ್ಲಿ ಸುಮಾರು 15 ಮಿಲಿಲೀಟರ್ ಹಿಡಿಯುವ ಗುಳಿ ಅದು. ಗುರುತ್ವಕ್ಕೆ ಎದುರಾಗಿ ಹಗಲೂ ರಾತ್ರಿ ಈ ಸಾಗಣೆ ನಡೆಯುತ್ತದೆ.

ಶಸ್ತ್ರವೈದ್ಯರೂ ಬಹುಕಾಲ ನಿಮ್ಮ ಹಾಗೆಯೇ ಯೋಚಿಸಿದರು. 1893ರಲ್ಲಿ ಅಮೆರಿಕದ ಕಾಲ್ಡ್‌ವೆಲ್, 1897ರಲ್ಲಿ ಫ್ರಾನ್ಸಿನ ಲ್ಯೂಕ್ ಪ್ರತ್ಯೇಕವಾಗಿ ರೂಪಿಸಿದ ಶಸ್ತ್ರಕ್ರಿಯೆಯಲ್ಲಿ ತುಟಿಯ ಹಿಂದಿನಿಂದ ಸೈನಸ್ಸನ್ನು ತೆರೆದು, ಕೀವು ಸುಲಭವಾಗಿ ಇಳಿದುಹೋಗಲೆಂದು ಮೂಗಿಗೆ ಹೊಸದೊಂದು ಕಿಂಡಿ ಕೊರೆಯುತ್ತಿದ್ದರು. ಕಿಂಡಿ ಕೆಳಗಿದ್ದರೂ ಲೋಳೆ ಅದನ್ನು ಸುತ್ತುಹಾಕಿ ಪಕ್ಕಕ್ಕೆ ಸರಿದು ತನ್ನ ಹಳೆಯ ಬಾಗಿಲಿಗೇ ಹತ್ತುತ್ತಿತ್ತು. ಆಸ್ಟ್ರಿಯಾದ ಗ್ರಾಟ್ಸ್ ನಗರದ ವೈದ್ಯ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಲೋಳೆಯ ಈ ನಿಶ್ಚಿತ ಹಾದಿಗಳನ್ನು ವರ್ಷಗಟ್ಟಲೆ ಗಮನಿಸಿ ದಾಖಲಿಸಿದರು. ಹೊಸ ಕಿಂಡಿ ಕೊರೆಯುವ ಬದಲು ಸಹಜ ಬಾಗಿಲಿನ ಸುತ್ತಲಿನ ಇಕ್ಕಟ್ಟನ್ನು ಬಿಡಿಸಬೇಕು ಎಂಬ ಇಂದಿನ ಎಂಡೋಸ್ಕೋಪಿ ಶಸ್ತ್ರಕ್ರಿಯೆ ನಿಂತಿರುವುದು ಆ ದಾಖಲೆಗಳ ಮೇಲೆ. ಹಣೆಯ ಸೈನಸ್ ಮತ್ತು ಕಣ್ಣುಗಳ ನಡುವಿನ ಮುಂಭಾಗದ ಸಣ್ಣ ಗಾಳಿಗೂಡುಗಳು ತೆರೆದುಕೊಳ್ಳುವುದೂ ಆ ನಡುವಿನ ಮಡಿಕೆಯ ಅಡಿಯಲ್ಲೇ. ನೆಗಡಿಯಲ್ಲಿ ಅಲ್ಲಿನ ಪೊರೆ ಸ್ವಲ್ಪ ಊದಿಕೊಂಡರೂ ಕೆನ್ನೆ, ಹಣೆ ಎರಡೂ ಭಾರವಾಗುತ್ತವೆ. ನಮ್ಮಲ್ಲಿ ‘ಸೈನಸ್ ಇದೆ’ ಎಂದು ಹೇಳಿಕೊಳ್ಳುವ ಸಾವಿರಾರು ಓದುಗರು ತಿಳಿಯಬೇಕಾದದ್ದು ಇದನ್ನೇ.

‘ವಿಸ್ಮಯ’ ನಿಮ್ಮ ಲೇಖನದಲ್ಲಿ ಪುಟಪುಟಕ್ಕೂ ಬರುತ್ತದೆ, ‘ಅದ್ಭುತ’ ಅದರ ಬೆನ್ನಿಗೇ. ಅವು ಬಂದ ಜಾಗಗಳನ್ನು ನಾನು ಪೆನ್ಸಿಲಿನಿಂದ ಗುರುತಿಸಿದೆ. ಎಲ್ಲವೂ ವಿವರ ಕೈಕೊಟ್ಟ ಜಾಗಗಳೇ. ಕೈಸರ್ ಬಗ್ಗೆ ಬರೆದ ಪ್ಯಾರಾದಲ್ಲಿ ಆ ಪದಗಳಿಲ್ಲ, ಅಲ್ಲಿ ನಿಮಗೆ ಅವು ಬೇಕಾಗಲಿಲ್ಲ. ಎಲ್ಲ ಸೈನಸ್‌ಗಳೂ ಹುಟ್ಟಿನಿಂದಲೇ ಇರುತ್ತವೆ ಎಂದಿದ್ದೀರಿ. ಹಣೆಯದು ಹುಟ್ಟುವಾಗ ಇರುವುದಿಲ್ಲ, ಬಾಲ್ಯದಲ್ಲಿ ಮೂಡಿ ಹದಿಹರೆಯದವರೆಗೂ ಬೆಳೆಯುತ್ತದೆ. ಅದನ್ನು ನಾವೇ ತಿದ್ದಿಕೊಳ್ಳುತ್ತೇವೆ.

ಉಳಿದ ಭಾಗಕ್ಕೆ ಈಗ ಕೈಹಾಕಬೇಡಿ. ಗಾಳಿಯ ದಾರಿ ಮತ್ತು ಕೆನ್ನೆಯ ಸೈನಸ್ಸಿನ ಎರಡು ಪ್ಯಾರಾಗಳನ್ನು ಮಾತ್ರ ಹೊಸದಾಗಿ ಬರೆಯಿರಿ. ಬರೆದದ್ದನ್ನು ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ, ಸೈನಸ್ಸಿನ ಬಾಗಿಲು ಎಲ್ಲಿದೆ ಎಂದು ಅವರ ಮುಖದ ಮೇಲೆಯೇ ಬೆರಳಿಟ್ಟು ತೋರಿಸಲು ಹೇಳಿ. ಬೆರಳು ದವಡೆ ಹಲ್ಲಿನ ಮೇಲೆ ನಿಂತರೆ ಇನ್ನೊಮ್ಮೆ ಬರೆಯಿರಿ. ಕಣ್ಣಿನ ಕೆಳಗೆ, ಮೂಗಿನ ಪಕ್ಕದಲ್ಲಿ ನಿಂತರೆ ಆ ಪ್ರತಿಯನ್ನು ನನಗೆ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ತೆಗೆದಿರಿಸಿದ್ದೇನೆ.