ಪ್ರ: ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನ ಕ್ವಿಲ್ಟ್ (ಮೇಲಿನ ಬಟ್ಟೆ, ನಡುವೆ ಹತ್ತಿ, ಹಿಂಬದಿ ಬಟ್ಟೆ ಕೂಡಿಸಿ ಹೊಲಿದ ಹೊದಿಕೆ) ಕೈಹೊಲಿಗೆಯದೋ ಮೆಷಿನ್‌ದೋ, ಹೇಗೆ ಗುರುತಿಸೋದು?

ಮೊದಲು ತಿರುಗಿಸಿ ಹಿಂಬದಿ ನೋಡಿ. ಕೈಹೊಲಿಗೆಯಲ್ಲಿ ಒಂದು ಹೊಲಿಗೆ, ಬಿಡುವು, ಮತ್ತೊಂದು ಹೊಲಿಗೆ ಅಂತ ಎರಡೂ ಕಡೆ ಕಾಣುತ್ತೆ, ಅಳತೆ ಚೂರು ಹೆಚ್ಚುಕಮ್ಮಿ ಇರುತ್ತೆ. ಮೆಷಿನ್‌ದಾದರೆ ದಾರದ ಗೆರೆ ಎಲ್ಲೂ ಕಡಿಯಲ್ಲ. ಪಳಗಿದವರು ಗಂಟನ್ನೂ ಒಳಗಿನ ಹತ್ತಿಯ ಪದರಕ್ಕೆ ಎಳೆದು ಮುಚ್ಚಿಬಿಡ್ತಾರೆ. ಮೇಲಿನ ತುಂಡುಗಳನ್ನು ಮೆಷಿನ್‌ನಲ್ಲಿ ಜೋಡಿಸಿದ್ದರೆ ಮೋಸ ಅಂದ್ಕೋಬೇಡಿ. ಬಹಳ ಜನ ಹಾಗೇ ಮಾಡೋದು. ಮೂರು ಪದರ ಕೂಡಿಸೋ ಹೊಲಿಗೆ ಕೈಯದಾ ಅನ್ನೋದೇ ಮುಖ್ಯ. ನಮ್ಮ ಕೌದಿ ಹೊಲಿದವರಿಗೆ ಇದು ಒಂದೇ ನೋಟಕ್ಕೆ ತಿಳಿಯುತ್ತೆ.

ಬೆಲೆ ಬಗ್ಗೆ: ಚರ್ಚಿನ ಹೆಂಗಸರು ದೊಡ್ಡ ಚೌಕಟ್ಟಿನ ಸುತ್ತ ಕೂತು ವಾರಗಟ್ಟಲೆ ಹೊಲಿದದ್ದು ಅಗ್ಗಕ್ಕೆ ಸಿಕ್ಕರೆ ನಾನಂತೂ ಅನುಮಾನ ಪಡ್ತೀನಿ. ಅಂಗಡಿಗಿಂತ ಮೆನೊನೈಟ್ ಅನ್ನೋ ಕ್ರೈಸ್ತ ಪಂಗಡದವರು ಪರಿಹಾರ ಕೆಲಸಕ್ಕೆ ದುಡ್ಡು ಕೂಡಿಸೋ ರಿಲೀಫ್ ಸೇಲ್ ಹರಾಜಿಗೆ ಹೋಗಿ. ಕೆನಡಾದ ಒಂಟಾರಿಯೊ ಕಡೆ ಹೋಗೋದಿದ್ದರೆ ನ್ಯೂ ಹ್ಯಾಂಬರ್ಗ್‌ನ ಹರಾಜು 1967ರಿಂದ ನಡೀತಿದೆ. ಅಲ್ಲಿ ಬಂದ ದುಡ್ಡು 1920ರಲ್ಲಿ ಶುರುವಾದ ಮೆನೊನೈಟ್ ಸೆಂಟ್ರಲ್ ಕಮಿಟಿಯ ಪರಿಹಾರ ಕೆಲಸಕ್ಕೆ ಹೋಗುತ್ತೆ. ಆ ಕಮಿಟಿ ನಿರಾಶ್ರಿತರಿಗೆ ಕಳಿಸೋ ಹೊದಿಕೆಗಳು ಬೇರೆ; ಅವಕ್ಕೆ ನವಿರು ಹೊಲಿಗೆ ಇರಲ್ಲ, ಅಲ್ಲಲ್ಲಿ ದಾರದ ಗಂಟು ಹಾಕಿರ್ತಾರೆ ಅಷ್ಟೇ. ಅದನ್ನು ನೋಡಿ ಕಳಪೆ ಅಂತ ಅಳೀಬೇಡಿ.